ಸೋರುವ ಪೇಟಿಗೆ ಟ್ಯೂನಿಂಗ್ ಮಾಡಿಸಬೇಡಿ

ಮಳೆಗಾಲ ಮುಗಿದು ಸವಾಯಿ ಗಂಧರ್ವ ಮಹೋತ್ಸವದ ಮಾತು ಶುರುವಾಗುವ ಹೊತ್ತಿಗೆ ಪುಣೆಯ ಸಂಗೀತದ ಮನೆಗಳಲ್ಲಿ ಪೇಟಿಗಳು, ಅಂದರೆ ಹಾರ್ಮೋನಿಯಂಗಳು, ಹೊರಬರುತ್ತವೆ. ನಾಲ್ಕು ತಿಂಗಳು ಮೂಲೆಯಲ್ಲಿ ಕೂತ ವಾದ್ಯ ಮೊದಲಿನಂತೆ ನುಡಿಯುವುದಿಲ್ಲ. ಮಂದ್ರದ ಸ್ವರಗಳು ತಡವಾಗಿ ಏಳುತ್ತವೆ, ತಾರದಲ್ಲಿ ನಾದ ತೆಳ್ಳಗಾಗುತ್ತದೆ, ಷಡ್ಜ ಹಿಡಿದು ಕೂತರೆ ಅಲುಗುತ್ತದೆ. ಕೇಳಿದವರೆಲ್ಲ ಕೊಡುವ ತೀರ್ಪು ಒಂದೇ: ರೀಡು ಕೆಟ್ಟಿದೆ, ಟ್ಯೂನಿಂಗ್ ಮಾಡಿಸಿ. ಈ ತೀರ್ಪು ಅವಸರದ್ದು ಎಂಬುದು ನನ್ನ ವಾದ. ಇಂಥ ಪೇಟಿಯಲ್ಲಿ ಮೊದಲು ಶಂಕಿಸಬೇಕಾದದ್ದು ಗಾಳಿಯನ್ನು. ಗಾಳಿಯ ದಾರಿ ಸರಿಯಾಗದೆ ರೀಡಿಗೆ ಕೈ ಹಾಕಿದರೆ ಕೆಡದೇ ಇದ್ದುದನ್ನೂ ಕೆಡಿಸಿದಂತಾಗುತ್ತದೆ.

ಪೇಟಿಯೊಳಗೆ ಗಾಳಿ ನಡೆಯುವ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ಹಿಡಿದುಕೊಂಡರೆ ಮುಂದಿನದು ಸುಲಭ. ಎಡಗೈ ಆಡಿಸುವ ಹೊರಗಿನ ತಿದಿ ಗಾಳಿಯನ್ನು ಒಳಗೆಳೆದು, ಚರ್ಮದ ಕವಾಟಗಳ ಮೂಲಕ ಪೆಟ್ಟಿಗೆಯ ಹೊಟ್ಟೆಯಲ್ಲಿರುವ ಇನ್ನೊಂದು ತಿದಿಗೆ ನೂಕುತ್ತದೆ. ಈ ಒಳತಿದಿಯನ್ನು ಸ್ಪ್ರಿಂಗುಗಳು ಸದಾ ಒತ್ತಿ ಹಿಡಿದಿರುತ್ತವೆ. ಕೈ ನಿಂತರೂ ನಾದ ಕ್ಷಣಕಾಲ ನಿಲ್ಲದಿರುವುದು ಇದರಿಂದ. ಸ್ಟಾಪರ್ ಎಳೆದಾಗ ಗಾಳಿ ರೀಡ್ ಬೋರ್ಡಿನ ಕೆಳಗೆ ಬಂದು ನಿಲ್ಲುತ್ತದೆ. ಮನೆ (ಕೀ) ಒತ್ತಿದಾಗ ಅದರ ಅಡಿಯ ಚರ್ಮ ಹೊದಿಸಿದ ಮುಚ್ಚಳ ಏಳುತ್ತದೆ, ಹೊರಡುವ ಗಾಳಿ ಹಿತ್ತಾಳೆಯ ನಾಲಿಗೆಯನ್ನು ನಡುಗಿಸುತ್ತದೆ. ನಾಲಿಗೆಗೂ ಅದರ ಚೌಕಟ್ಟಿಗೂ ನಡುವೆ ಇರುವ ಸಂದು ಕೂದಲೆಳೆಯಷ್ಟು. ಇದರ ಎದುರು ರೀಡ್ ಬೋರ್ಡು ಪೆಟ್ಟಿಗೆಯ ಮೇಲೆ ಕೂರುವ ಅಂಚನ್ನು ಇಟ್ಟು ನೋಡಿ. ಅಲ್ಲಿ ಕಾಲು ಮಿಲಿಮೀಟರ್ ಸಂದು 40 ಸೆಂಟಿಮೀಟರ್ ಉದ್ದಕ್ಕೆ ಬಿಟ್ಟಿದೆ ಎನ್ನಿ. ಕಣ್ಣಿಗೆ ಕಾಣುವುದೇ ಇಲ್ಲ; ಲೆಕ್ಕ ಹಾಕಿದರೆ 100 ಚದರ ಮಿಲಿಮೀಟರ್. ಅಂದರೆ ಪೆಟ್ಟಿಗೆಗೆ ಒಂದು ಸೆಂಟಿಮೀಟರ್ ಚೌಕದ ತೂತು ಕೊರೆದು ಬಿಟ್ಟಷ್ಟು. ಅಂಥ ತೂತು ಕಣ್ಣಿಗೆ ಬಿದ್ದಿದ್ದರೆ ಯಾರೂ ರೀಡನ್ನು ದೂರುತ್ತಿರಲಿಲ್ಲ.

ಸಂದು ಬಿಡುವುದು ಏಕೆ ಎಂಬುದಕ್ಕೆ ಪುಣೆಯ ಹವೆಯೇ ಉತ್ತರ. ಏಪ್ರಿಲ್-ಮೇ ಒಣಹವೆಯಲ್ಲಿ ಹಲಗೆ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಜೂನ್ ಬಂದೊಡನೆ ತೇವ ಕುಡಿದು ಹಿಗ್ಗುತ್ತದೆ. ವರ್ಷ ವರ್ಷ ಹೀಗೆ ಎಳೆದಾಡಿದಾಗ ಅಂಟು ಬಿಡುತ್ತದೆ, ತಿರುಪುಗಳು ಸಡಿಲಾಗುತ್ತವೆ. ಧಾರವಾಡ, ಬೆಳಗಾವಿಯ ಪೇಟಿಗಳ ಪಾಡೂ ಇದೇ. ಕವಾಟದ ಚರ್ಮ ಒಣಗಿ ಅಂಚಿನಲ್ಲಿ ಸುರುಟಿಕೊಳ್ಳುತ್ತದೆ. ತಿದಿಯ ಮಡಿಕೆಗಳು ಮೂಲೆಯಲ್ಲಿ ಸವೆಯುತ್ತವೆ, ಹಳೆಯ ಅಂಟಿನ ಆಸೆಗೆ ಜಿರಲೆಯೂ ಬರುತ್ತದೆ.

ಸೋರಿಕೆ ಎಲ್ಲಿದೆ ಎಂದು ಪತ್ತೆಹಚ್ಚಲು ಯಂತ್ರವೇನೂ ಬೇಡ, ಕ್ರಮ ಬೇಕು. ಎಲ್ಲ ಸ್ಟಾಪರ್‌ಗಳನ್ನೂ ಒಳಗೆ ತಳ್ಳಿ, ತಿದಿ ಒತ್ತಿ ಒಳತಿದಿಯನ್ನು ತುಂಬಿಸಿ ಕೈ ಬಿಡಿ. ತುಂಬಿದ್ದು ಬೇಗ ಇಳಿದರೆ ದೋಷ ತಿದಿಯಲ್ಲಿ, ಕವಾಟದಲ್ಲಿ ಅಥವಾ ಪೆಟ್ಟಿಗೆಯ ತಳದಲ್ಲಿದೆ. ಇಳಿಯದಿದ್ದರೆ ಒಂದು ಸ್ಟಾಪರ್ ಎಳೆಯಿರಿ, ಮನೆಗಳನ್ನು ಮಾತ್ರ ಮುಟ್ಟಬೇಡಿ. ಈಗ ಇಳಿಯತೊಡಗಿದರೆ ಕಳ್ಳ ಮೇಲಿದ್ದಾನೆ: ರೀಡ್ ಬೋರ್ಡಿನ ಅಂಚು ಇಲ್ಲವೇ ಮನೆಗಳಡಿಯ ಮುಚ್ಚಳ. ಈ ಎರಡನ್ನು ಬೇರ್ಪಡಿಸಲು ಉರಿಯುವ ಊದುಬತ್ತಿಯೊಂದನ್ನು ಅಂಚಿನುದ್ದಕ್ಕೂ ನಿಧಾನವಾಗಿ ಸರಿಸಬೇಕು. ನೆಟ್ಟಗೆ ಏಳುತ್ತಿದ್ದ ಹೊಗೆ ಒಂದು ಕಡೆ ತಟ್ಟನೆ ಹೊರಕ್ಕೆ ಬಾಗುತ್ತದೆ. ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಹೊರತಿದಿಗೆ ಕತ್ತಲ ಕೋಣೆಯ ಪರೀಕ್ಷೆ: ಒಳಗೊಂದು ಪುಟ್ಟ ಟಾರ್ಚ್ ಇಟ್ಟು ಮಡಿಕೆಗಳನ್ನು ಬಿಡಿಸಿದರೆ ಸೂಜಿಮೊನೆಯಷ್ಟರ ತೂತೂ ಬೆಳಕಿನ ಚುಕ್ಕಿಯಾಗಿ ಕಾಣುತ್ತದೆ. ಇನ್ನು ಮುಟ್ಟದ ಮನೆಯೊಂದು ತಾನಾಗಿಯೇ ಸಣ್ಣಗೆ ನುಡಿಯುತ್ತಿದ್ದರೆ ಮುಚ್ಚಳದ ಚರ್ಮದ ಮೇಲೆ ಕಸ ಕೂತಿದೆ, ಇಲ್ಲವೇ ಅದರ ಸ್ಪ್ರಿಂಗು ಸೋತಿದೆ. ದೋಷ ಎಂದರೆ ಸೋರಿಕೆ ಮಾತ್ರ ಅಂತಲೂ ಅಲ್ಲ. ಸುರುಟಿದ ಕವಾಟ ಅರ್ಧವೇ ತೆರೆದರೆ, ಸ್ಟಾಪರಿನ ಕಿಂಡಿಗೆ ಧೂಳು ಕಟ್ಟಿದರೆ ಗಾಳಿ ಉಸಿರುಗಟ್ಟುತ್ತದೆ. ಆಗ ತಿದಿ ತುಂಬಿಯೇ ಇರುತ್ತದೆ, ನಾದ ಮಾತ್ರ ಸೊರಗಿರುತ್ತದೆ.

ಇಷ್ಟಕ್ಕೂ ಟ್ಯೂನಿಂಗ್ ಮೊದಲು ಮಾಡಿಸಿದರೆ ಏನು ನಷ್ಟ? ಶ್ರುತಿ ಏರಿಸಲು ನಾಲಿಗೆಯ ತುದಿಯನ್ನು ಕೆರೆಯುತ್ತಾರೆ, ಇಳಿಸಲು ಬುಡವನ್ನು. ಎರಡರಲ್ಲೂ ಹೋಗುವುದು ಹಿತ್ತಾಳೆಯೇ. ಹೋದದ್ದು ಮರಳಿ ಬರುವುದಿಲ್ಲ. ಗಾಳಿಯ ಒತ್ತಡ ಬದಲಾದರೆ ನಾಲಿಗೆಯ ಶ್ರುತಿಯೂ ಸೂಕ್ಷ್ಮವಾಗಿ ಸರಿಯುತ್ತದೆ, ಮಂದ್ರದ ಉದ್ದ ನಾಲಿಗೆಗಳಲ್ಲಿ ಇನ್ನೂ ಹೆಚ್ಚು. ಸೋರುವ ಪೇಟಿಯಲ್ಲಿ ಕುಗ್ಗಿದ ಒತ್ತಡಕ್ಕೆ ಹೊಂದಿಸಿ ಕೆರೆದ ರೀಡು, ಮುಂದೊಂದು ದಿನ ಸೋರಿಕೆ ನಿಂತ ಮೇಲೆ ಮತ್ತೆ ಅಪಶ್ರುತಿಯೇ. ಆಗ ಮತ್ತೆ ಕೆರೆತ. ಗುಜರಾತಿನ ಪಾಲೀತಾಣಾದ ಕುಶಲಕರ್ಮಿಗಳು ಮಾಡಿಕೊಟ್ಟ ಒಳ್ಳೆಯ ರೀಡುಗಳು ಹೀಗೆ ಬಳಕೆಯಿಂದಲ್ಲ, ತಪ್ಪು ರಿಪೇರಿಯಿಂದ ಸಾಯುವುದು ನಿಜಕ್ಕೂ ಸಂಕಟದ ಸಂಗತಿ.

ಪಳಗಿದ ವಾದಕರು ಇದನ್ನು ಒಪ್ಪಲಿಕ್ಕಿಲ್ಲ. ಹಳೆಯ ಪೇಟಿ ಸ್ವಲ್ಪ ಸೋರಿಯೇ ಸೋರುತ್ತದೆ, ನುರಿತ ಕೈ ಅದನ್ನು ಸರಿದೂಗಿಸುತ್ತದೆ ಎಂಬುದು ಅವರ ಮಾತು. ಪುಣೆಯಲ್ಲಿ ಬಾಳಿದ ಅಪ್ಪಾ ಜಳಗಾಂವಕರ್, ಬೆಳಗಾವಿಯ ರಾಮಭಾವು ಬಿಜಾಪುರೆ ಅವರಂಥವರ ಕೈಗೆ ಅದು ಸಾಧ್ಯವೇ ಇರಬಹುದು. ಆದರೆ ಕಿರಾನಾ ಘರಾಣೆಯ ವಿಲಂಬಿತವನ್ನು ನೆನೆಯಿರಿ. ಕುಂದಗೋಳದ ಸವಾಯಿ ಗಂಧರ್ವರಿಂದ ಗದಗಿನ ಭೀಮಸೇನ ಜೋಶಿಯವರಿಗೆ ಬಂದು ಪುಣೆಯಲ್ಲಿ ನೆಲೆಸಿದ ಆ ದಾರಿಯಲ್ಲಿ ಸ್ವರವೊಂದು ದೀರ್ಘಕಾಲ ನಿಲ್ಲುತ್ತದೆ. ಅದರ ಬೆನ್ನಿಗೆ ಪೇಟಿ ಮೆಲ್ಲಗೆ, ಏರಿಳಿತವಿಲ್ಲದೆ ನಿಲ್ಲಬೇಕು. ಸೋರುವ ತಿದಿಯನ್ನು ಮೇಲಿಂದ ಮೇಲೆ ಒತ್ತಲೇಬೇಕು, ಒತ್ತಿದಾಗಲೆಲ್ಲ ನಾದ ಉಬ್ಬುತ್ತದೆ. ಸರಿದೂಗಿಸುವುದರಲ್ಲೇ ವಾದಕನ ಅರ್ಧ ಗಮನ ಹೋದರೆ ಗಾಯಕನನ್ನು ಅನುಸರಿಸಲು ಉಳಿದರ್ಧ ಸಾಲದು.

ಇನ್ನೊಂದು ಆಕ್ಷೇಪ ಹಳೆಯದು, ಗಟ್ಟಿಯಾದದ್ದು: ಈ ವಾದ್ಯದಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ಗುಣ, ಇಲ್ಲ, ಸ್ವರಸ್ಥಾನಗಳು ಮೊದಲೇ ಕಟ್ಟಿಟ್ಟವು, ಹಾಗಿರುವಾಗ ಗಾಳಿಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡು ಏನಾಗಬೇಕು? 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಪೇಟಿಯನ್ನು ಹೊರಗಿಟ್ಟಾಗ ಇದೇ ವಾದ ಮುಂದಿತ್ತು. ಬಾಗಿಲು ಮತ್ತೆ ತೆರೆಯಲು 1971 ಬರಬೇಕಾಯಿತು. ಮೀಂಡ್ ಇಲ್ಲವೆಂಬುದು ನಿಜ, ಅದು ವಾದ್ಯದ ಹುಟ್ಟುಗುಣ. ಆದರೆ ತಡವಾಗಿ ಏಳುವ ಸ್ವರ, ಅಲುಗುವ ಷಡ್ಜ, ಗೊಗ್ಗರು ಮಂದ್ರ ಹುಟ್ಟುಗುಣಗಳಲ್ಲ, ಕಾಯಿಲೆಗಳು. ಇವನ್ನೂ ವಾದ್ಯದ ಸ್ವಭಾವದ ಖಾತೆಗೆ ಬರೆಯುವುದು ಅನ್ಯಾಯ. ಸುಸ್ಥಿತಿಯ ಪೇಟಿಯೊಂದನ್ನು ಕೇಳದೆ ಈ ತೀರ್ಪು ಕೊಡುವವರು ಈಗಲೂ ಸಾಕಷ್ಟಿದ್ದಾರೆ.

ರಿಪೇರಿಯಲ್ಲಿ ಅತಿಯೂ ಬೇಡ. ಸಂದಿಗೆಲ್ಲ ಎಂ-ಸೀಲ್ ಮೆತ್ತುವುದು, ತಿದಿಯ ಮೂಲೆಗೆ ಪ್ಲಾಸ್ಟಿಕ್ ಟೇಪ್ ಸುತ್ತುವುದು ಅಂದಿಗೆ ಕೆಲಸ ಕೊಟ್ಟೀತು. ಮರ ಮುಂದಿನ ಬೇಸಿಗೆಗೆ ಕುಗ್ಗಿದಾಗ ಪಕ್ಕದಲ್ಲೇ ಹೊಸ ಸಂದು ಬಿಡುತ್ತದೆ, ಬಿಚ್ಚಿ ನೋಡುವ ದಾರಿಯೂ ಮುಚ್ಚಿರುತ್ತದೆ. ಮೂಲೆಗಳಿಗೆ ತೆಳುವಾದ, ಮೃದುವಾದ ಮೇಕೆಯ ಚರ್ಮವೇ ಆಗಬೇಕು. ದಪ್ಪ ಚರ್ಮ ಹಾಕಿದರೆ ತಿದಿ ಬಿಗಿದು ಕೈ ನೋಯುತ್ತದೆ, ಕವಾಟಕ್ಕೆ ಹಾಕಿದರೆ ಅದು ಮೆಲ್ಲಗೆ ಒತ್ತಿದಾಗ ತೆರೆಯುವುದೇ ಇಲ್ಲ. ಮುಚ್ಚಳಗಳ ಚರ್ಮದ ಒರಟು ಮೈ ರಂಧ್ರದ ಕಡೆಗಿರಬೇಕು, ಎಲ್ಲವೂ ಒಂದೇ ದಪ್ಪದ್ದಾಗಿರಬೇಕು. ಇಲ್ಲದಿದ್ದರೆ ಮನೆಗಳು ಒಂದು ಎತ್ತರಕ್ಕೆ ಬರುವುದಿಲ್ಲ. ಈ ಕೆಲಸಕ್ಕೆ ಅಕ್ಟೋಬರ್ ಕೊನೆಯ ವಾರಗಳು ಒಳ್ಳೆಯವು, ಮರ ಮಳೆಯ ತೇವ ಬಿಟ್ಟಿರುತ್ತದೆ. ಚರ್ಮದ ಕೆಲಸ ಮುಗಿದ ಪೇಟಿಯನ್ನು ಒಂದು ವಾರ ದಿನವೂ ನುಡಿಸಿ, ಮತ್ತೆ ಸ್ಟಾಪರ್ ಮುಚ್ಚಿ ನೋಡಿ, ಅಷ್ಟಾದ ಮೇಲೂ ಯಾವ ಸ್ವರ ತಾನಪುರಕ್ಕೆ ಕೂಡುತ್ತಿಲ್ಲವೋ ಆ ರೀಡನ್ನು ಮಾತ್ರ ಟ್ಯೂನಿಂಗ್ ಮಾಡುವವರ ಮುಂದಿಡಿ.