ಗಾಯ ಮಾಯಿಸಿದ್ದು ಸೊಪ್ಪೋ, ಜೆಲ್ಲೋ?

ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳಲ್ಲಿ ಮಚ್ಚಿನ ಏಟು ಹೊಸದಲ್ಲ. ಕೈ ಕುಯ್ದುಕೊಂಡವರು ಬದುವಿನ ಗಬ್ಬು ಶಾವಂತಿಗೆ ಸೊಪ್ಪನ್ನು ಅಂಗೈಯಲ್ಲಿ ಉಜ್ಜಿ, ಹಸಿರು ರಸ ಹಿಂಡಿ, ಬಟ್ಟೆ ಸುತ್ತಿ ಮತ್ತೆ ಕಾಯಿ ಸುಲಿಯಲು ಕೂರುತ್ತಾರೆ. ಇದೇ ಸೊಪ್ಪು, ಬೇವು, ಅರಿಸಿನ, ಲೋಳೆಸರಗಳ ಸಾರವನ್ನು ಹೈಡ್ರೊಜೆಲ್ ಪಟ್ಟಿಗೆ ಬೆರೆಸಿ ನೋಡುವ ಸಂಶೋಧನೆ ಈಗ ಜೋರಾಗಿದೆ. ಉದ್ದೇಶ ಒಳ್ಳೆಯದು. ಅದನ್ನು ಸಾಬೀತು ಮಾಡುವ ಕ್ರಮದ ಬಗ್ಗೆ ನನ್ನ ತಕರಾರಿದೆ.

ಹೈಡ್ರೊಜೆಲ್ ಎಂದರೆ ತೂಕದ ಬಹುಪಾಲು ನೀರೇ ಇರುವ ಪಾಲಿಮರ್ ಜಾಲ. ಗಾಯವನ್ನು ತೇವವಾಗಿಡುತ್ತದೆ, ಪಟ್ಟಿ ಬಿಚ್ಚುವಾಗ ಹೊಸ ಚರ್ಮ ಕಿತ್ತು ಬರುವುದಿಲ್ಲ. ತೇವದ ಮಹತ್ವವನ್ನು ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲೆ ತೋರಿಸಿದ್ದರು: ಒಣಗಲು ಬಿಟ್ಟ ಗಾಯಕ್ಕಿಂತ ಮುಚ್ಚಿಟ್ಟ ಗಾಯದ ಮೇಲೆ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬಿತ್ತು. ಹಾಗಿರುವಾಗ ಸೊಪ್ಪಿನ ಜೆಲ್ ಹಚ್ಚಿದ ಇಲಿಯ ಗಾಯ, ಏನೂ ಹಚ್ಚದ ಗಾಯಕ್ಕಿಂತ ಮೊದಲು ಮಾಯ್ದರೆ ಆಶ್ಚರ್ಯವೇನು? ಸಾರವಿಲ್ಲದ ಬರೀ ಜೆಲ್ಲಿನ ಪಕ್ಕದಲ್ಲಿಟ್ಟು ನೋಡದ ಪ್ರಯೋಗದಿಂದ ಸೊಪ್ಪಿನ ಪಾಲೆಷ್ಟು ಎಂದು ತಿಳಿಯುವುದೇ ಇಲ್ಲ.

ಇನ್ನು ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಪರೀಕ್ಷೆ. ಮದ್ದು ಅಥವಾ ಸಾರ ಹೀರಿಸಿದ ಬಿಲ್ಲೆಯನ್ನು ಅದರಲ್ಲಿಟ್ಟು, ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ತಿಳಿ ವೃತ್ತವನ್ನು ಸ್ಕೇಲಿನಲ್ಲಿ ಅಳೆದು ಬರೆಯುತ್ತಾರೆ. ಹೋಲಿಕೆಗಿಡುವ ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಬಿಲ್ಲೆಯಲ್ಲಿರುವುದು ಸಾಮಾನ್ಯವಾಗಿ 10 ಮೈಕ್ರೊಗ್ರಾಂ ಮದ್ದು. ಪಕ್ಕದ ಸಾರ ಎಷ್ಟೋ ಸಲ ಮಿಲಿಗ್ರಾಂ ಲೆಕ್ಕದ್ದು. ವೃತ್ತಗಳು ಸಮವಾದ ಮಾತ್ರಕ್ಕೆ ಸಾರ ಆ್ಯಂಟಿಬಯಾಟಿಕ್‌ಗೆ ಸಮ ಎನ್ನುವುದು ಓದುಗರಿಗೆ ಮಾಡುವ ಅನ್ಯಾಯ. ಅತ್ತ ಅರಿಸಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಕಷ್ಟ. ತಟ್ಟೆಯಲ್ಲಿ ಹರಡದಿದ್ದರೆ ಅದರ ವೃತ್ತವೂ ಕಿರಿದಾಗುತ್ತದೆ.

ಮನುಷ್ಯರ ಮೇಲಿನ ಪುರಾವೆ ಇನ್ನೂ ತೆಳು. ಲೋಳೆಸರದ ಬಗ್ಗೆ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ 2012ರ ಕಾಕ್ರೇನ್ ಪರಿಶೀಲನೆಗೆ ಸಿಕ್ಕಿದ್ದು 7 ಪ್ರಯೋಗ, 347 ಜನ. ಗುಣಮಟ್ಟ ಸಾಲದೆ ಅದು ಯಾವ ತೀರ್ಮಾನಕ್ಕೂ ಬರಲಿಲ್ಲ. ನಮ್ಮ ತೆಂಗಿನ ಕಥೆ ಸ್ವಲ್ಪ ಆಶಾದಾಯಕ. ಕೊಬ್ಬರಿ ಎಣ್ಣೆಯ ಅರ್ಧದಷ್ಟು ಬ್ಯಾಕ್ಟೀರಿಯಾವನ್ನು ತಡೆಯಬಲ್ಲ ಲಾರಿಕ್ ಆಮ್ಲ. ಎಕ್ಸಿಮಾ ಇದ್ದವರ ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾವನ್ನು ವರ್ಜಿನ್ ತೆಂಗಿನೆಣ್ಣೆ ಆಲಿವ್ ಎಣ್ಣೆಗಿಂತ ಚೆನ್ನಾಗಿ ತಗ್ಗಿಸಿತೆಂದು ಫಿಲಿಪ್ಪೀನ್ಸ್‌ನ ಪ್ರಯೋಗವೊಂದು 2008ರಲ್ಲಿ ವರದಿ ಮಾಡಿತು. ಅದು ತೆರೆದ ಗಾಯದ ಮಾತಲ್ಲ, ನಿಜ. ಆದರೂ ಜೆಲ್ಲಿಗೆ ಬೆರೆಸಿ ಪರೀಕ್ಷಿಸಲು ತಕ್ಕ ಕಾರಣ. ಕೊಬ್ಬರಿಯ ನಾಡಿನ ವಿಜ್ಞಾನಿಗಳು ಬರೀ ಜೆಲ್ಲಿನ ಹೋಲಿಕೆ ಇಟ್ಟುಕೊಂಡೇ ಈ ಕೆಲಸಕ್ಕೆ ಕೈಹಾಕಲಿ.

ಅಲ್ಲಿಯವರೆಗೆ ಮಚ್ಚಿನ ಆಳದ ಗಾಯಕ್ಕೆ ಸೊಪ್ಪು ಹಿಂಡಬೇಡಿ. ಶುದ್ಧ ನೀರಿನಲ್ಲಿ ತೊಳೆದು, ಒಗೆದ ಬಟ್ಟೆ ಕಟ್ಟಿ, ಆಸ್ಪತ್ರೆಗೆ ಹೋಗಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಬದುವಿನ ಸೊಪ್ಪಿಗೆ ಮಣ್ಣು ಅಂಟಿರುತ್ತದೆ. ಧನುರ್ವಾಯುವಿನ ರೋಗಾಣು ಇರುವುದು ಮಣ್ಣಿನಲ್ಲೇ.