ಗಾಜಿನಲ್ಲಿ ಉಳಿದ ರೈಲುಹಾದಿ

1898ರ ಮೇ ತಿಂಗಳಲ್ಲಿ ಅಲಾಸ್ಕದ ಬಂದರು ಊರು ಸ್ಕ್ಯಾಗ್ವೇಯಿಂದ ವೈಟ್ ಪಾಸ್ ರೈಲುಹಾದಿಯ ಕೆಲಸ ಶುರುವಾಯಿತು. ಮೂರೇ ಅಡಿ ಅಗಲದ ಹಳಿ, 873 ಮೀಟರ್ ಎತ್ತರದ ಕಣಿವೆದಾರಿ, ಆಚೆಗೆ ಕೆನಡಾದ ಯುಕಾನ್. ಈ ಕಾಮಗಾರಿಯನ್ನು ಕಂಪನಿಗಾಗಿ ಗಾಜಿನ ಪ್ಲೇಟುಗಳಲ್ಲಿ ಸೆರೆಹಿಡಿದವರು ಎಚ್. ಸಿ. ಬಾರ್ಲಿ.

ಬಂಡೆಯ ನೆತ್ತಿಗೆ ಅಷ್ಟು ಭಾರದ ಕ್ಯಾಮೆರಾ, ಒಡೆದುಹೋಗುವ ಗಾಜು, ಮುಕ್ಕಾಲಿ ಹೊತ್ತು ಹತ್ತುವುದೇ ಒಂದು ಸಾಹಸ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಆ ಸಾಹಸಕ್ಕಿಂತ ಚಿತ್ರದ ಸ್ಪಷ್ಟತೆ. ಗಾಜು ಬಾಗುವುದಿಲ್ಲ, ಕುಗ್ಗುವುದಿಲ್ಲ. ದೊಡ್ಡ ಪ್ಲೇಟನ್ನು ನೇರವಾಗಿ ಕಾಗದಕ್ಕೊತ್ತಿ ಮುದ್ರಿಸಿದರೆ ಹಿಗ್ಗಿಸುವ ಗೋಜಿಲ್ಲದ್ದರಿಂದ ಒಂದು ಎಳೆಯೂ ಕಳೆಯುವುದಿಲ್ಲ. ದೂರದಲ್ಲಿ ಚುಕ್ಕೆಯಂತಿರುವ ಕೂಲಿಗಾರನೂ ಭೂತಗನ್ನಡಿಯಡಿ ಗುದ್ದಲಿ ಹಿಡಿದ ಮನುಷ್ಯನಾಗುತ್ತಾನೆ. ಅಂದಿನ ಲೇಪನಕ್ಕೆ ನೀಲಿ ಬೆಳಕು ಬಲು ಬೇಗ ತಾಕುತ್ತಿತ್ತು. ಹಾಗಾಗಿ ಎಷ್ಟೋ ಚಿತ್ರಗಳಲ್ಲಿ ಆಕಾಶ ಖಾಲಿ ಬಿಳುಪು. ಆ ಬಿಳುಪಿನೆದುರು ಮರದ ಸೇತುವೆಯ ಒಂದೊಂದು ತೊಲೆಯೂ ಎದ್ದುಕಾಣುತ್ತದೆ.

ಸ್ವೀಡನ್ ಮೂಲದ ಎರಿಕ್ ಹೆಗ್ ತೆಗೆದ ಚಿಲ್ಕೂಟ್ ಕಣಿವೆದಾರಿಯ ಚಿತ್ರಗಳು ಇನ್ನೂ ಹೆಸರುವಾಸಿ: ಹಿಮದ ಮೇಲೆ ಸಾಲುಗಟ್ಟಿ ಹತ್ತುವ ಚಿನ್ನದಾಸೆಯ ಜನ. ತಲೆಗೆ ಸುಮಾರು ಒಂದು ಟನ್ ಸಾಮಾನು ಇಲ್ಲದೆ ಕೆನಡಾದ ಪೊಲೀಸರು ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಒಬ್ಬೊಬ್ಬರೂ ಹೊರೆ ಹೊತ್ತು ಮತ್ತೆ ಮತ್ತೆ ಹತ್ತಬೇಕಿತ್ತು. ಹಾಗಿದ್ದೂ ನನ್ನ ಒಲವು ಬಾರ್ಲಿಯ ಕಡೆಗೇ. ಕಂಪನಿ ಕೇಳಿದ್ದು ತನ್ನ ಹಾದಿಯ ಚಿತ್ರ. ಅವರ ಗಾಜು ಅದನ್ನು ಕಡಿದ ಕೂಲಿಗಳನ್ನೂ ಬಿಡದೆ ಉಳಿಸಿಕೊಂಡಿದೆ.