ಸೈಲೆನ್ಸರ್ ಹೊಟ್ಟೆಯ ಗಾಜಿನ ಹತ್ತಿ

ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳಿದ್ದ ಮನೆಗಳಲ್ಲಿ ಸೈಲೆನ್ಸರ್ ಬಿಚ್ಚುವುದು ದೊಡ್ಡ ಸಂಗತಿಯಾಗಿರಲಿಲ್ಲ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಹೊತ್ತ ಆ 250 ಸಿಸಿ ಬೈಕುಗಳು ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುತ್ತಿದ್ದವು. ಮಸಿ ಕಟ್ಟಿದಾಗ ಒಳಗಿನ ಬ್ಯಾಫಲ್ ಎಳೆದು, ಬೆಂಕಿಯಲ್ಲಿ ಸುಟ್ಟೋ ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಿಯೋ ಚೊಕ್ಕಮಾಡಿ ಮತ್ತೆ ತೂರಿಸಿದರೆ ಬೈಕಿಗೆ ಹೊಸ ಉಸಿರು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಸೈಲೆನ್ಸರಿಗೂ ಸರ್ವಿಸ್ ಬೇಕು ಎಂಬ ತಿಳಿವಳಿಕೆ ಮಾತ್ರ ಹಳೇ ಜಾವಾ ಪ್ರೇಮಿಗಳ ಆಚೆ ಹೆಚ್ಚು ದಾಟಲಿಲ್ಲ.

ಆ ತಿಳಿವಳಿಕೆ ಇಂದು ಹೆಚ್ಚು ಬೇಕಾಗಿರುವುದು ಮಣ್ಣಿನ ಟ್ರ್ಯಾಕಿನಲ್ಲಿ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ. ಎಸ್. ಸಂತೋಷ್, ಕೋಲಾರದ ಬಳಿ ಡರ್ಟ್ ಪಾರ್ಕ್ ಕಟ್ಟಿದರು. ಅಂಥ ಜಾಗಗಳಲ್ಲಿ ಜಿಗಿಯುವ ಮೋಟೊಕ್ರಾಸ್ ಬೈಕುಗಳ ಸೈಲೆನ್ಸರಿನಲ್ಲಿ ಬ್ಯಾಫಲ್‌ಗಳ ಸಾಲು ಇರುವುದಿಲ್ಲ. ನಡುವೆ ತೂತು ತೂತಾದ ಒಂದು ಕೊಳವೆ, ಹೊರಗೆ ಅಲ್ಯೂಮಿನಿಯಂ ಅಥವಾ ಟೈಟಾನಿಯಂ ಡಬ್ಬಿ, ಇವೆರಡರ ನಡುವೆ ತುಂಬಿದ ಗಾಜಿನ ನಾರು. ಅಷ್ಟೇ. ಹೊಗೆ ಕೊಳವೆಯಲ್ಲಿ ನೇರ ಹೊರಟುಹೋಗುತ್ತದೆ. ಶಬ್ದದ ಅಲೆಗಳು ತೂತುಗಳಿಂದ ನಾರಿನೊಳಗೆ ನುಗ್ಗುತ್ತವೆ. ಎಳೆಗಳ ಸಂದಿಯಲ್ಲಿ ಗಾಳಿ ಹಿಂದೆ ಮುಂದೆ ಉಜ್ಜಾಡಿ, ಸದ್ದಿನ ಶಕ್ತಿ ಶಾಖವಾಗಿ ಕರಗುತ್ತದೆ. ಕಿವಿಗೆ ಚುಚ್ಚುವ ಕೀರಲು ಸದ್ದನ್ನು ಹೀರುವುದರಲ್ಲಿ ಈ ನಾರಿನ ಕೈ ಮೇಲು. ಗುಡುಗುವ ಕೆಳಸ್ಥಾಯಿಯನ್ನು ತಡೆಯಲು ಕೋಣೆಕೋಣೆಯಾಗಿ ಕಟ್ಟಿದ ಸೈಲೆನ್ಸರೇ ವಾಸಿ. ರಸ್ತೆಯ ಬೈಕುಗಳಲ್ಲಿ ಹೆಚ್ಚಾಗಿ ಇರುವುದು ಅದೇ, ಅದನ್ನು ವೆಲ್ಡ್ ಮಾಡಿ ಮುಚ್ಚಿರುತ್ತಾರೆ. ಆದ್ದರಿಂದ ಸೈಲೆನ್ಸರ್ ಬಿಚ್ಚಿ ಹೊಸ ನಾರು ತುಂಬುವ ಕೆಲಸ ಎಲ್ಲ ಬೈಕಿಗೂ ಅಲ್ಲ. ಸೈಲೆನ್ಸರಿನ ತುದಿಯ ಮುಚ್ಚಳದ ಸುತ್ತ ರಿವಿಟ್‌ಗಳೋ ಸ್ಕ್ರೂಗಳೋ ಕಂಡರೆ ಅದು ಬಿಚ್ಚಿ ತುಂಬುವಂಥದ್ದು.

ನಾರು ಕೆಡುವ ಬಗೆ ಎರಡು. ಟೂ ಸ್ಟ್ರೋಕ್ ಬೈಕಿನಲ್ಲಿ ಸುಡದೆ ಉಳಿದ ಆಯಿಲು ಕುಡಿದೂ ಕುಡಿದೂ ಅದು ಕಪ್ಪು ಮುದ್ದೆಯಾಗುತ್ತದೆ, ಜಾಯಿಂಟುಗಳಲ್ಲಿ ಜಿನುಗುತ್ತದೆ. ಫೋರ್ ಸ್ಟ್ರೋಕಿನಲ್ಲಿ ಶತ್ರು ಶಾಖ. ಸಾಮಾನ್ಯವಾಗಿ ಬಳಸುವ ಇ-ಗ್ಲಾಸ್ ನಾರು ಮೆದುವಾಗುವುದು 840 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಾದರೂ ಅದಕ್ಕಿಂತ ಬಹಳ ಮೊದಲೇ ಕಸುವು ಕಳೆದುಕೊಂಡು ಪುಡಿಯಾಗುತ್ತದೆ. ಆ ಪುಡಿ ತೂತುಗಳಿಂದ ಹೊಗೆಯ ಜೊತೆ ಹಾರಿಹೋಗುತ್ತದೆ. ಎಂಜಿನ್ ಕಡೆಯ ತುದಿಯಲ್ಲಿ ಮೊದಲು ಖಾಲಿ. ಆಗ ಸದ್ದು ಒಡೆದು ತಗಡಿನ ಗುಣ ಪಡೆಯುತ್ತದೆ, ಡಬ್ಬಿಯ ಮೈ ಹಿಂದಿಗಿಂತ ಬೇಗ ಕಾಯುತ್ತದೆ, ಬಣ್ಣ ಮಾಸುತ್ತದೆ.

ಈ ಒಡಕು ಸದ್ದನ್ನೇ ಶಕ್ತಿ ಎಂದುಕೊಳ್ಳುವವರು ನಮ್ಮ ರಸ್ತೆಗಳಲ್ಲಿ ಬಹಳ. ಟೂ ಸ್ಟ್ರೋಕಿನ ನಿಜವಾದ ಶಕ್ತಿ ಇರುವುದು ಮುಂದಿನ ಉಬ್ಬು ಹೊಟ್ಟೆಯ ಪೈಪಿನಲ್ಲಿ. ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡನ್ ಒತ್ತಡದ ಅಲೆಗಳನ್ನು ಆ ಪೈಪಿನಿಂದ ಪಳಗಿಸಿದವರಲ್ಲಿ ಪ್ರಮುಖ. 1961ರ ಹೊತ್ತಿಗೆ ಅವರ 125 ಸಿಸಿ ರೇಸ್ ಎಂಜಿನ್ 25 ಅಶ್ವಶಕ್ತಿ ಮುಟ್ಟಿತ್ತು. ಬಾಲದ ಸೈಲೆನ್ಸರ್ ಬರಿದಾಗಿ ಅರಚಿದ ಮಾತ್ರಕ್ಕೆ ಆ ಲೆಕ್ಕಕ್ಕೆ ಏನೂ ಕೂಡುವುದಿಲ್ಲ. ನೆರೆಹೊರೆಯ ನಿದ್ದೆ ಕೆಡುತ್ತದೆ, ಮತ್ತು ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮು 2019ರ ತಿದ್ದುಪಡಿಯ ನಂತರ 10,000 ರೂಪಾಯಿವರೆಗೆ ದಂಡ ಹಾಕುತ್ತದೆ. ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ್ದಾರೆ. ಒಳ್ಳೆಯ ಸವಾರನ ಬೈಕು ಮೆತ್ತಗೆ ಮಾತಾಡುತ್ತದೆ.

ಬಿಚ್ಚುವ ಕೆಲಸಕ್ಕೆ ದುಬಾರಿ ಉಪಕರಣ ಬೇಡ: ಡ್ರಿಲ್, ರಿವಿಟ್ ಗನ್, ರಬ್ಬರ್ ಸುತ್ತಿಗೆ ಸಾಕು. ರಿವಿಟ್‌ಗಳು ಹಲವು ಸೈಲೆನ್ಸರ್‌ಗಳಲ್ಲಿ 4.8 ಮಿಲಿಮೀಟರಿನವು. ತಲೆಯನ್ನಷ್ಟೇ ಡ್ರಿಲ್ಲಿನಿಂದ ಕೊರೆದು, ಉಳಿದದ್ದನ್ನು ಒಳಕ್ಕೆ ತಟ್ಟಬೇಕು. ಕೈ ಜಾರಿ ತೂತು ದೊಡ್ಡದಾದರೆ ಹೊಸ ರಿವಿಟ್ ನಿಲ್ಲುವುದಿಲ್ಲ. ಮುಚ್ಚಳ ಸುಲಭಕ್ಕೆ ಬರದು. ಸುತ್ತಲೂ ಸ್ವಲ್ಪ ಸ್ವಲ್ಪ ತಟ್ಟುತ್ತಾ ಬಂದರೆ ಬಿಡುತ್ತದೆ.

ಇಲ್ಲಿಂದ ಮುಂದೆ ಮಾಸ್ಕ್, ಕೈಗವಸು, ತುಂಬುತೋಳಿನ ಹಳೇ ಅಂಗಿ ಕಡ್ಡಾಯ. ಗಾಜಿನ ಎಳೆಗಳು ಚರ್ಮಕ್ಕೆ ಚುಚ್ಚಿಕೊಂಡರೆ ತುರಿಕೆ ಗಂಟೆಗಟ್ಟಲೆ ಬಿಡುವುದಿಲ್ಲ. ಹಳೇ ನಾರನ್ನು ತೆಗೆದ ಮೇಲೆ ಒಳಕೊಳವೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ ವೈರ್ ಬ್ರಷ್ಷಿನಿಂದ ಉಜ್ಜಿ, ಪ್ರತಿ ತೂತೂ ಬೆಳಕಿಗೆ ಹಿಡಿದಾಗ ಕಾಣುವಂತೆ ಮಾಡಬೇಕು. ಮಸಿಯಿಂದ ಮುಚ್ಚಿದ ತೂತುಗಳ ಮೇಲೆ ಎಷ್ಟು ಒಳ್ಳೆಯ ನಾರು ಸುತ್ತಿದರೂ ವ್ಯರ್ಥ. ಯೆಜ್ಡಿ ಕಾಲದ ಕಾಸ್ಟಿಕ್ ಸೋಡಾ ಇಲ್ಲಿ ಬೇಡವೇ ಬೇಡ. ಉಕ್ಕಿನ ಬ್ಯಾಫಲ್ಲಿಗೆ ಅದು ಒಗ್ಗುತ್ತಿತ್ತು. ಅಲ್ಯೂಮಿನಿಯಂ ಡಬ್ಬಿಯನ್ನು ತಿಂದುಹಾಕುತ್ತದೆ, ಬೆಂಕಿ ಹತ್ತುವ ಹೈಡ್ರೋಜನ್ ಅನಿಲವನ್ನೂ ಬಿಡುತ್ತದೆ.

ಇನ್ನು ಸುತ್ತುವುದು. ಕೈಚಳಕವೆಲ್ಲ ಇಲ್ಲಿದೆ, ಇದರಲ್ಲೇ ಬಹಳ ಮಂದಿ ಅವಸರ ಮಾಡುತ್ತಾರೆ. ಸಡಿಲವಾಗಿ ತುಂಬಿದರೆ ನಾರು ಒಳಗೇ ಕುಣಿದು ಬೇಗ ಪುಡಿಯಾಗುತ್ತದೆ. ಗಟ್ಟಿಯಾಗಿ ಗಿಡಿದರೆ ಗಾಳಿ ಓಡಾಡಲು ಸಂದಿಯೇ ಉಳಿಯದೆ, ಸದ್ದು ಗೋಡೆಗೆ ತಾಗಿದಂತೆ ವಾಪಸಾಗುತ್ತದೆ. ಒಂದು ಲೀಟರ್ ಜಾಗಕ್ಕೆ ಸುಮಾರು 100ರಿಂದ 150 ಗ್ರಾಂ ನಾರು ಎಂಬ ಅಂದಾಜು ಒಳ್ಳೆಯ ದಾರಿ. ಡಬ್ಬಿಯ ಒಳ ವ್ಯಾಸ 10 ಸೆಂಟಿಮೀಟರ್, ಕೊಳವೆಯ ಹೊರ ವ್ಯಾಸ 4, ಉದ್ದ 30 ಎಂದಿಟ್ಟುಕೊಂಡರೆ ನಡುವಿನ ಜಾಗ ಹೆಚ್ಚುಕಡಿಮೆ ಎರಡು ಲೀಟರ್. ಅಂದರೆ 200ರಿಂದ 300 ಗ್ರಾಂ. ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು, ಕಣ್ಣಳತೆ ಸಾಲದು. ಫೋರ್ ಸ್ಟ್ರೋಕ್ ಆದರೆ ಕೊಳವೆಗೆ ಮೊದಲು ಸ್ಟೇನ್‌ಲೆಸ್ ಸ್ಟೀಲ್ ವುಲ್ಲಿನ ತೆಳು ಪದರ ಸುತ್ತಿ, ಅದರ ಮೇಲೆ ಗಾಜಿನ ನಾರಿನ ಹಾಸು ಬಂದರೆ ಬಾಳಿಕೆ ಹೆಚ್ಚು. ಕಟ್ಟಡಗಳ ಚಾವಣಿಗೆ ಹಾಸುವ ಅಗ್ಗದ ಗ್ಲಾಸ್‌ವುಲ್ ಬೇಡ. ಅದರ ಎಳೆ ಗಿಡ್ಡ, ಅಂಟು ಬೇಗ ಸುಟ್ಟುಹೋಗುತ್ತದೆ.

ಸುತ್ತಿದ ಉರುಳೆ ಬಿಚ್ಚಿಕೊಳ್ಳದಂತೆ ಕಾಗದದ ಮಾಸ್ಕಿಂಗ್ ಟೇಪ್ ಹಾಕಬೇಕು. ಮುಂದೆ ಅದು ತಾನೇ ಸುಟ್ಟುಹೋಗುತ್ತದೆ. ಡಬ್ಬಿಗೆ ತೂರಿಸುವಾಗ ನಾರು ಅಂಚಿಗೆ ಸಿಕ್ಕಿ ಹಿಂದಕ್ಕೆ ಗುಪ್ಪೆಯಾಗುವುದುಂಟು. ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಒಳಗೆ ಜಾರಿಸಿ, ಹಾಳೆಯನ್ನು ಎಳೆದುಕೊಂಡರೆ ಕೆಲಸ ಸಲೀಸು. ಮುಚ್ಚಳದ ಅಂಚಿಗೆ ಶಾಖ ತಡೆಯುವ ಸಿಲಿಕೋನ್ ಸೀಲಂಟ್, ಮೇಲೆ ಸ್ಟೇನ್‌ಲೆಸ್ ರಿವಿಟ್.

ಮೊದಲ ಸ್ಟಾರ್ಟಿಗೆ ಹೊಗೆ ಬರುತ್ತದೆ, ಗಾಬರಿ ಬೇಡ, ಟೇಪು ಸುಡುತ್ತಿದೆ. ತೆರೆದ ಜಾಗದಲ್ಲಿ ಕೆಲವು ನಿಮಿಷ ಓಡಿಸಿ, ತಣಿದ ಮೇಲೆ ರಿವಿಟ್‌ಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಬೇಕು. ರೇಸ್ ಬೈಕುಗಳ ಆಯಸ್ಸನ್ನು ಕಿಲೋಮೀಟರಿನಲ್ಲಲ್ಲ, ಎಂಜಿನ್ ಓಡಿದ ಗಂಟೆಗಳಲ್ಲಿ ಎಣಿಸುತ್ತಾರೆ. ಆ ಗಂಟೆಯನ್ನು ಅಂದೇ ಬರೆದಿಟ್ಟರೆ ಮುಂದಿನ ಸಲಕ್ಕೆ ಲೆಕ್ಕ ಸಿಗುತ್ತದೆ. ತೆಗೆದ ಹಳೇ ನಾರನ್ನು ಸುಡಬಾರದು, ಚರಂಡಿಗೂ ಹಾಕಬಾರದು. ಎರಡು ದಪ್ಪ ಚೀಲದಲ್ಲಿ ಬಿಗಿದು ಕಟ್ಟಿ, ಮೇಲೆ ‘ಗಾಜಿನ ನಾರು, ಬರಿಗೈಯಲ್ಲಿ ಮುಟ್ಟಬೇಡಿ’ ಎಂದು ದೊಡ್ಡದಾಗಿ ಬರೆದು, ಕಸ ಒಯ್ಯಲು ಬರುವ ಪೌರಕಾರ್ಮಿಕರಿಗೆ ಬಾಯಿಮಾತಿನಲ್ಲೂ ಹೇಳಿ ಕೊಡಬೇಕು.